ಹಾಸ್ಟೆಲಿಗೆ ಬಂದ ಕುರಿಗಳು

ಕೊರೊನಾ ಬಂದ ಮೊದಲ ವರ್ಷ, ಮೇ ತಿಂಗಳಲ್ಲಿ, ಜಮಖಂಡಿಯ ಒಂದು ಸರ್ಕಾರಿ ಬಾಲಕಿಯರ ಹಾಸ್ಟೆಲನ್ನು ಕ್ವಾರಂಟೈನ್ ಕೇಂದ್ರ ಮಾಡಿದರು. ಹುಡುಗಿಯರೆಲ್ಲ ಮಾರ್ಚಿನಲ್ಲೇ ಊರು ಸೇರಿದ್ದರು. ಉಳಿದವಳು ವಾರ್ಡನ್ ಗಂಗಾಂಬಿಕಾ. ಮಹಾಲಿಂಗಪುರದವಳು, ನೌಕರಿಗೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಗೋವಾದಲ್ಲಿ ಕಟ್ಟಡ ಕೆಲಸಕ್ಕೆ ಹೋಗಿದ್ದವರು, ಇಚಲಕರಂಜಿಯ ಮಗ್ಗಗಳಿಂದ ಮರಳಿದ ರಬಕವಿ-ಬನಹಟ್ಟಿಯ ನೇಕಾರರು, ಹೀಗೆ ಬಸ್ಸಿನಲ್ಲಿ ಬಂದವರನ್ನೆಲ್ಲ ಅಲ್ಲಿಳಿಸಿ ಪೊಲೀಸರು ಹೊರಟು ಹೋಗುತ್ತಿದ್ದರು. ಎರಡು ವಾರ ಯಾರೂ ಗೇಟು ದಾಟುವಂತಿಲ್ಲ. ಒಬ್ಬರು ಕೆಮ್ಮಿದರೆ ಇಡೀ ಮಹಡಿ ಉಸಿರು ಬಿಗಿಹಿಡಿಯುತ್ತಿತ್ತು. ಊಟದ ತಟ್ಟೆ ಬಾಗಿಲ ಮುಂದಿಟ್ಟು ಗಂಗಾಂಬಿಕಾ ಹಿಂದೆ ಸರಿದ ಮೇಲೆಯೇ ಒಳಗಿನವರು ಕೈ ಚಾಚುತ್ತಿದ್ದರು.

ಒಂದು ಮಧ್ಯಾಹ್ನ ತಹಸೀಲ್ದಾರರ ಫೋನು ಬಂತು.

"ಮೇಡಂ, ಒಂದ ಕುಟುಂಬ ಕಳಸಾಕತ್ತೇವಿ. ಗಂಡ, ಹೆಂಡತಿ, ಮಗ. ಮತ್ತ ಅವರ ಜೋಡಿ ಒಂದಿಷ್ಟ ಕುರಿ ಅದಾವ."

"ಒಂದಿಷ್ಟ ಅಂದ್ರ ಎಷ್ಟ್ರಿ ಸರ್?"

"ಗೇಟಿನ ಎರಡೂ ಬಾಗಿಲ ತಗದ ಇಡ್ರಿ," ಅಂದರು ತಹಸೀಲ್ದಾರರು.

ಬಂದವರು ರನ್ನ ಬೆಳಗಲಿಯ ಪರಮಾನಂದ, ಅವನ ಹೆಂಡತಿ ಸೋಮವ್ವ, ಮಗ ಭೀಮಶಿ. ವರ್ಷವೂ ಕುರಿ ಹೊಡೆದುಕೊಂಡು ಮಹಾರಾಷ್ಟ್ರದ ಸಾಂಗಲಿ ಕಡೆಯ ಕಬ್ಬಿನ ಸೀಮೆಗೆ ಹೋಗಿ ಮಳೆಗಾಲದ ಹೊತ್ತಿಗೆ ತಿರುಗುವ ಮಂದಿ. ಈ ಸಲ ತಿರುಗಿದಾಗ ಗಡಿಯಲ್ಲಿ ಚೆಕ್‌ಪೋಸ್ಟ್ ಇತ್ತು. ಮೂವರನ್ನೂ ಜೀಪು ಹತ್ತಿ ಎಂದರೆ ಪರಮಾನಂದ ಹತ್ತಲಿಲ್ಲ. ಕುರಿಗಳನ್ನು ಯಾರ ಕೈಗೆ ಕೊಡುವುದು? ಊರಿನವರು ದಾರಿಗೆ ಜಾಲಿಮುಳ್ಳು ಹಚ್ಚಿದ್ದರು. ಬೀಗರು ಫೋನ್ ಎತ್ತುವುದನ್ನೇ ಬಿಟ್ಟಿದ್ದರು. ಹೊರರಾಜ್ಯದಿಂದ ಬಂದವರೆಲ್ಲ ಕ್ವಾರಂಟೈನ್ ಆಗಬೇಕೆಂದು ಸುತ್ತೋಲೆಯಲ್ಲಿತ್ತು. ಕಾಲು ಎಷ್ಟಿರಬೇಕು ಎಂದು ಬರೆದಿರಲಿಲ್ಲ. ಕಡೆಗೆ ಪೊಲೀಸ್ ಜೀಪು ಮುಂದೆ, ಕುರಿಗಳು ನಡುವೆ, ಆಂಬುಲೆನ್ಸ್ ಹಿಂದೆ, ಹೀಗೆ ಲಾಕ್‌ಡೌನಿನ ಖಾಲಿ ರಸ್ತೆಯಲ್ಲಿ ಮೆರವಣಿಗೆ ಹೊರಟು ಜಮಖಂಡಿಗೆ ಬಂತು.

ಗಂಗಾಂಬಿಕಾ ಗೇಟಿನಲ್ಲಿ ನಿಂತು ಒಂದೊಂದೇ ಎಣಿಸಿ ಒಳಗೆ ಬಿಟ್ಟಳು. ನೂರಾ ಹನ್ನೆರಡು. ಆಕೆ ಹುಡುಗಿಯರ ಕೈಲಿ ನೆಡಿಸಿದ್ದ ಗುಲಾಬಿ ಗಿಡ, ಮೆಂತ್ಯದ ಮಡಿ, ಕರಿಬೇವು ಎಲ್ಲ ಅವಳ ಕಣ್ಣೆದುರಿಗೇ ಮಾಯವಾದವು.

"ಸಿಟ್ಟಾಗಬ್ಯಾಡ್ರಿ ಅಕ್ಕಾರ," ಅಂದಳು ಸೋಮವ್ವ, ಕಂಬಳಿ ಹೆಗಲೇರಿಸಿಕೊಳ್ಳುತ್ತ. "ಮುಂದಿನ ವರ್ಷ ಈ ನೆಲದಾಗ ಏನ ಹಾಕಿದ್ರೂ ನಿಮ್ಮೆತ್ತರ ಬೆಳೀತೈತಿ. ಗೊಬ್ಬರ ಪುಕ್ಕಟೆ ಬಿದ್ದೈತಿ."

ಎರಡನೆಯ ದಿನ ಗಂಟಲದ್ರವ ತೆಗೆಯಲು ಇಬ್ಬರು ಬಂದರು. ಒಬ್ಬಳು ಆಶಾ ಕಾರ್ಯಕರ್ತೆ ಶೇವಂತಿ. ಇನ್ನೊಬ್ಬ ಲ್ಯಾಬಿನ ಹುಡುಗ. ಅಡಿಯಿಂದ ಮುಡಿಯವರೆಗೆ ಬಿಳಿ ಕಿಟ್ ತೊಟ್ಟಿದ್ದ, ಮುಖದ ಮುಂದೆ ಪ್ಲಾಸ್ಟಿಕ್ ಹಾಳೆ. ಅವನು ಮೈದಾನಕ್ಕೆ ಕಾಲಿಟ್ಟದ್ದೇ ತಡ, ಕುರಿಗಳೆಲ್ಲ ಒಂದೇ ಸಲ ಮೂಲೆಗೆ ಒತ್ತರಿಸಿ ನಿಂತವು. ದೊಡ್ಡ ಟಗರು ಮಾತ್ರ ಹಿಂದೆ ಸರಿಯಲಿಲ್ಲ. ಅದು ತಲೆ ಬಗ್ಗಿಸಿದ್ದನ್ನು ಪರಮಾನಂದ ನೋಡಿದ.

"ಸಾಹೇಬ್ರ," ಅಂದ ಅವನು ಮೆಲ್ಲಗೆ, "ಓಡ್ರಿ."

ಹುಡುಗ ಓಡಿದ. ಆ ಕಿಟ್ಟಿನಲ್ಲಿ ಓಡುವುದು ಅಂದರೆ ಗೋಣಿಚೀಲದಲ್ಲಿ ಕಾಲಿಟ್ಟು ಓಡಿದ ಹಾಗೆ. ಮೈದಾನವನ್ನು ಒಂದು ಸುತ್ತು ಹಾಕಿ, ಎರಡನೆಯ ಸುತ್ತಿಗೆ ನೀರಿನ ಟಾಕಿಯ ಏಣಿ ಸಿಕ್ಕು, ಅರ್ಧಕ್ಕೆ ಹತ್ತಿ ಅದನ್ನು ತಬ್ಬಿಕೊಂಡ. ಟಗರು ಕೆಳಗೆ ನಿಂತು ಏಣಿಗೆ ಗುದ್ದತೊಡಗಿತು. ಪ್ರತಿ ಗುದ್ದಿಗೂ ಟಾಕಿ ಗಂಟೆಯಂತೆ ಮೊಳಗಿತು.

ಆಗ ಮಹಡಿಯ ಮೇಲೆ ಯಾರೋ ನಕ್ಕರು. ಬನಹಟ್ಟಿಯ ನೇಕಾರರೊಬ್ಬರು, ಬಂದಾಗಿನಿಂದ ಗೋಡೆಗೆ ಮುಖ ಮಾಡಿ ಮಲಗಿದ್ದವರು. ಅವರ ನಗು ಪಕ್ಕದ ಕೋಣೆಗೆ ಹಬ್ಬಿತು, ಅಲ್ಲಿಂದ ಮುಂದಿನದಕ್ಕೆ. ಒಂದೊಂದೇ ಬಾಗಿಲು ತೆರೆಯಿತು. ವರಾಂಡದ ಕಟಕಟೆಗೆ ಜನ ಸಾಲಾಗಿ ನಿಂತು ಮಾಸ್ಕಿನೊಳಗೇ ಹೊಟ್ಟೆ ಹಿಡಿದುಕೊಂಡರು. ಶೇವಂತಿ ಕೈಗವಸಿನಲ್ಲೇ ಕಣ್ಣೊರೆಸಿಕೊಂಡಳು. ಕೆಮ್ಮಿದವರೂ ಇದ್ದರು, ಆದರೆ ಈ ಸಲ ಯಾರೂ ಹೆದರಲಿಲ್ಲ. ಗಂಗಾಂಬಿಕಾ ಅಡುಗೆಮನೆಗೆ ಓಡಿ ಬಾಗಿಲು ಹಾಕಿಕೊಂಡು, ಅಕ್ಕಿ ಚೀಲದ ಮೇಲೆ ಕೂತು, ನಗು ನಿಲ್ಲುವವರೆಗೂ ಹೊರಗೆ ಬರಲಿಲ್ಲ.

ಭೀಮಶಿ ಟಗರನ್ನು ಹಿಡಿದು ಕಟ್ಟಿದ. ಹುಡುಗ ಏಣಿಯಿಂದ ಇಳಿದು ಮೂವರ ಮೂಗಿಗೂ ಕಡ್ಡಿ ಹಾಕಿದ.

"ಇವಕ್ಕೂ ಹಾಕ್ತೀರೇನ್ರಿ?" ಎಂದು ಪರಮಾನಂದ ಕುರಿಗಳ ಕಡೆ ಕೈ ತೋರಿಸಿದ.

"ನನ್ನ ಸಂಬಳದಾಗ ಅದು ಬರಂಗಿಲ್ರಿ," ಅಂದ ಹುಡುಗ.

ಆಮೇಲೆ ಹಾಸ್ಟೆಲು ಹಾಸ್ಟೆಲಾಗಿ ಉಳಿಯಲಿಲ್ಲ. ಗೋವಾದಿಂದ ಬಂದವರು ತಮಗೆ ಕೊಟ್ಟ ಬಾಳೆಹಣ್ಣಿನ ಸಿಪ್ಪೆಯನ್ನು ಮಹಡಿಯಿಂದ ಗುರಿಯಿಟ್ಟು ಒಗೆಯುತ್ತಿದ್ದರು. ಮಳೆ ಬಂದ ಸಂಜೆ ಕುರಿಗಳೆಲ್ಲ ಊಟದ ಹಾಲಿಗೆ ನುಗ್ಗಿ, ಬೆಂಚುಗಳ ನಡುವೆ ಶಿಸ್ತಾಗಿ ಕುಳಿತವು. ಮರುದಿನ ಮೊದಲ ಮರಿ ಹುಟ್ಟಿತು. ಅದಕ್ಕೆ ಮಹಡಿಯವರು ಲಾಕ್‌ಡೌನ್ ಎಂದು ಹೆಸರಿಟ್ಟರು. ನಂತರದವು ಸೀಲ್, ಪಾಸ್, ಮಾಸ್ಕ್. ಒಂದು ಬಡಕಲು ಹೆಣ್ಣುಮರಿಯನ್ನು ಆಕ್ಸಿಜನ್ ಎಂದು ಕರೆದು, ಅದು ಚೇತರಿಸಿಕೊಳ್ಳುವವರೆಗೆ ಸರದಿ ಮೇಲೆ ವರಾಂಡದಿಂದ ಕಾವಲು ಕಾಯ್ದರು. ಅದು ಎದ್ದು ನಿಂತ ದಿನ ನೇಕಾರರು ಚಪ್ಪಾಳೆ ಹೊಡೆದರು. ಮನುಷ್ಯರ ವರದಿಗಳೂ ಆ ವಾರವೇ ಬಂದವು. ಎಲ್ಲ ನೆಗೆಟಿವ್.

ಬಿಡುಗಡೆಯ ದಿನ ತಹಸೀಲ್ದಾರರು ಕೈಯಲ್ಲಿ ಹೂವು ಹಿಡಿದು ಗೇಟಿಗೆ ಬಂದರು. ಕುರಿಗಳು ಹೊರಡುತ್ತಿದ್ದಾಗ ಒಂದು ತಾಯಿಕುರಿ ಸರಿಯಾಗಿ ಗೇಟಿನ ಕಬ್ಬಿಣದ ಪಟ್ಟಿಯ ಮೇಲೆ ಮಲಗಿಬಿಟ್ಟಿತು. ಸೋಮವ್ವ ಕುಕ್ಕರಗಾಲಲ್ಲಿ ಕೂತಳು. ತಹಸೀಲ್ದಾರರು ಹೂವು ಹಿಡಿದುಕೊಂಡೇ ನಿಂತರು, ಪೊಲೀಸರು ನಿಂತರು, ಮಹಡಿಯವರೆಲ್ಲ ನಿಂತರು. ಕೊನೆಗೆ ಮರಿ ಬಂತು. ಹೂವನ್ನು ಯಾರಿಗೆ ಕೊಡಬೇಕೆಂದು ತಿಳಿಯದೆ ತಹಸೀಲ್ದಾರರು ಕುರಿಗೇ ಹಿಡಿದರು. ಅದು ತಿಂದಿತು.

ಊರಿನವರು ಕುರಿ ಒಳಗೆ ಬಿಡಲಿಕ್ಕಿಲ್ಲ ಎಂದು ಪರಮಾನಂದ ಅಂಜಿದ. ಅದಕ್ಕೆ ಗಂಗಾಂಬಿಕಾ ಹಾಸ್ಟೆಲಿನ ಸೀಲು ಒತ್ತಿ ಒಂದು ಚೀಟಿ ಬರೆದುಕೊಟ್ಟಳು: ಸದರಿ ಕುರಿಗಳು ಕ್ವಾರಂಟೈನ್ ಅವಧಿ ಪೂರ್ಣಗೊಳಿಸಿದ್ದು ಆರೋಗ್ಯವಾಗಿವೆ. ಭೀಮಶಿ ಅದರ ಫೋಟೋ ತೆಗೆದು ಊರಿನ ವಾಟ್ಸಾಪ್ ಗುಂಪಿಗೆ ಹಾಕಿದ. ಜಾಲಿಮುಳ್ಳು ಸರಿಯಿತು. ಫೋಟೋ ಮಾತ್ರ ಬೆಳಗಲಿಯಲ್ಲಿ ನಿಲ್ಲಲಿಲ್ಲ. ಮುಧೋಳ, ಬೀಳಗಿ ದಾಟಿ, ಬೆಂಗಳೂರು ಮುಟ್ಟಿ, ಒಂದು ಪತ್ರಿಕೆಯ ಒಳಪುಟದಲ್ಲಿ ಅಚ್ಚಾಯಿತು.

ಸೆಪ್ಟೆಂಬರಿನಲ್ಲಿ ವಿಧಾನಸಭೆ ಅಧಿವೇಶನ ಶುರುವಾಗುವ ಮುಂಚೆ, ತಹಸೀಲ್ದಾರ್ ಕಚೇರಿಯ ಗುಮಾಸ್ತ ಶಶಿಕಾಂತ ಹಾಸ್ಟೆಲಿಗೆ ಬಂದ. ವಿರೋಧ ಪಕ್ಷದ ಒಬ್ಬ ಶಾಸಕರು ಪ್ರಶ್ನೆ ಕೇಳಿದ್ದರು. ಅವನು ಗಂಟಲು ಸರಿಮಾಡಿಕೊಂಡು ಓದಿದ: "ಸರ್ಕಾರಿ ವಿದ್ಯಾರ್ಥಿನಿಲಯದಲ್ಲಿ ಕುರಿಗಳನ್ನು ಕ್ವಾರಂಟೈನ್ ಮಾಡಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ, ಬಂದಿದ್ದಲ್ಲಿ, ಒಳಬಂದ ಕುರಿಗಳೆಷ್ಟು, ಹೊರಹೋದ ಕುರಿಗಳೆಷ್ಟು, ಮೃತಪಟ್ಟವು ಎಷ್ಟು?"

ಗಂಗಾಂಬಿಕಾ ಕಾಗದ ಇಸಿದುಕೊಂಡು ತಾನೇ ಇನ್ನೊಮ್ಮೆ ಓದಿದಳು. "ನನ್ನ ನೌಕರಿ ಹೋತೇನ್ರಿ?"

"ಇನ್ನೂ ಇಲ್ರಿ. ಸಂಜಿಕ ಉತ್ತರ ಬೇಕಂತ."

ಆಕೆ ಇದ್ದದ್ದನ್ನೇ ಬರೆದು ಕಳಿಸಿದಳು. ಒಳಬಂದದ್ದು ನೂರಾ ಹನ್ನೆರಡು, ಹೊರಹೋದದ್ದು ನೂರಾ ಇಪ್ಪತ್ತೊಂದು, ಮೃತಪಟ್ಟದ್ದು ಇಲ್ಲ. ಅರ್ಧ ಗಂಟೆಯಲ್ಲಿ ಮೇಲಿನ ಕಚೇರಿಯೊಂದರಿಂದ ಫೋನು ಬಂತು. "ಒಳಗ ಹೋದದ್ದಕ್ಕಿಂತ ಹೊರಗ ಬಂದದ್ದು ಹೆಚ್ಚ ಹೆಂಗಾಗ್ತೈತ್ರಿ? ಸದನದಾಗ ಎದ್ದು ನಿಂತ ಹೇಳಬೇಕಾದವ್ರ ನಾವಲ್ಲ, ಸಚಿವರು. ಎರಡೂ ಸರಿಹೊಂದಿಸಿ ಕಳಸ್ರಿ."

"ಮರಿ ಹಾಕ್ಯಾವ್ರಿ ಸರ್."

"ಮರಿಗೆ ಕಾಲಂ ಇಲ್ರಿ."

ಸರಿಹೊಂದಿಸಬೇಕೆಂದರೆ ಒಂಬತ್ತು ಮರಿ ಹುಟ್ಟೇ ಇಲ್ಲ ಎನ್ನಬೇಕು. ಆಕ್ಸಿಜನ್ನೂ ಹುಟ್ಟಿಲ್ಲ ಎನ್ನಬೇಕು. ಗಂಗಾಂಬಿಕಾಗೆ ಅದು ಮನಸ್ಸಿಗೆ ಬರಲಿಲ್ಲ. ಆದರೆ ಗೇಟಿನ ಮರಿಯ ಬಗ್ಗೆ ಅವಳಿಗೇ ಅನುಮಾನ ಬಂತು; ಅದು ಒಳಗಿನ ಲೆಕ್ಕವೋ, ಹೊರಗಿನದೋ? ಶಶಿಕಾಂತನ ಮೋಟರ್‌ಸೈಕಲ್ಲಿನಲ್ಲಿ ಕೂತು ಬೆಳಗಲಿಗೆ ಹೊರಟಳು.

ಊರ ಹೊರಗಿನ ಹೊಲದಲ್ಲಿ ಸೋಮವ್ವ ಸಿಕ್ಕಳು. ಗಂಗಾಂಬಿಕಾ ಏದುಸಿರಿನಲ್ಲೇ ಪ್ರಶ್ನೆ ಕೇಳಿದಳು.

"ಬಿದ್ದಾಗ ಮರಿ ತಲಿ ಒಳಗ ಇತ್ತು, ಹಿಂಗಾಲು ಹೊರಗ," ಅಂದಳು ಸೋಮವ್ವ.

"ಅಂದ್ರ ಏನಂತ ಬರೀಲಿ?"

"ಮರಿ ತಲಿಯಿಂದ ಬರ್ತೈತೋ ಕಾಲಿಂದನೋ, ತಂಗಿ?"

"ಕುರಿ ನನಗ ಗೊತ್ತಿಲ್ಲವಾ."

"ಮುಂಗಾಲು ಮತ್ತ ಮೂಗು ಕೂಡೇ ಬರ್ತಾವ." ಸೋಮವ್ವ ಯೋಚನೆ ಮಾಡಿದಳು. "ಯಾರಿಗೆ ಬೇಕಾಗೈತಿ ಇದು?"

"ಸರ್ಕಾರಕ್ಕ."

"ಇಡೀ ಸರ್ಕಾರಕ್ಕ?"

"ಇಡೀ ಸರ್ಕಾರಕ್ಕ."

ಸೋಮವ್ವ ಮೊದಲು ಬಾಯಿಗೆ ಸೆರಗು ಹಿಡಿದಳು. ಆಮೇಲೆ ಹಿಡಿಯಲಿಲ್ಲ. ಇಬ್ಬರೂ ಒಬ್ಬರ ಭುಜ ಒಬ್ಬರು ಹಿಡಿದು ನಕ್ಕರು, ಯಾಕೆಂದು ಕೇಳಲು ಬಂದ ಶಶಿಕಾಂತನೂ ಸೇರಿಕೊಂಡ. ಕಡೆಗೆ ಗಂಗಾಂಬಿಕಾ ಬದುವಿನ ಮೇಲೆ ಕೂತು ಫೋನಿನಲ್ಲೇ ಉತ್ತರ ಟೈಪು ಮಾಡಿದಳು. ಎಂಟು ಮರಿಗಳು ಕೇಂದ್ರದೊಳಗೆ ಜನಿಸಿವೆ, ಒಂದು ಮರಿ ಗೇಟಿನಲ್ಲಿ ಜನಿಸಿದೆ. ಕೆಳಗೆ ತನ್ನ ಹೆಸರು ಹಾಕಿ, ಮತ್ತೆ ಯೋಚನೆ ಬರುವ ಮುಂಚೆ ಕಳಿಸಿಬಿಟ್ಟಳು. ಮೇಲಿನ ಕಚೇರಿಯಲ್ಲಿ ತಿದ್ದಲು ಯಾರಿಗೂ ವ್ಯವಧಾನ ಇರಲಿಲ್ಲವೋ, ಧೈರ್ಯವಿರಲಿಲ್ಲವೋ, ಅದು ಹಾಗೆಯೇ ಬೆಂಗಳೂರಿಗೆ ಹೋಯಿತು.

ಪ್ರಶ್ನೆ ಬರುವ ದಿನ ಹಾಸ್ಟೆಲಿನ ಕಚೇರಿಯಲ್ಲಿ ಗಂಗಾಂಬಿಕಾ, ಶಶಿಕಾಂತ, ಶೇವಂತಿ ಮೂವರೂ ಒಂದೇ ಫೋನಿಗೆ ತಲೆ ಕೊಟ್ಟು ಕೂತರು. ಸದನದಲ್ಲಿ ಎಲ್ಲರೂ ಮಾಸ್ಕ್ ಹಾಕಿದ್ದರಿಂದ ಯಾರು ಯಾರೆಂದೇ ತಿಳಿಯುತ್ತಿರಲಿಲ್ಲ. ಪ್ರಶ್ನೆ ಕೇಳಿದ ಶಾಸಕರು ಸಿಟ್ಟಿನಲ್ಲೇ ಎದ್ದರು. ಆಸ್ಪತ್ರೆಯಲ್ಲಿ ಹಾಸಿಗೆ ಸಿಗದೆ ಜನ ಅಲೆಯುತ್ತಿರುವಾಗ ಸರ್ಕಾರ ಕುರಿಗಳಿಗೆ ಹಾಸ್ಟೆಲು ಕೊಟ್ಟಿದೆ ಎಂದರು. ಸಚಿವರು ಉತ್ತರ ಓದತೊಡಗಿದರು. ನೂರಾ ಹನ್ನೆರಡು ಎಂದರು. ನೂರಾ ಇಪ್ಪತ್ತೊಂದು ಎಂದು ಓದಿ ತಾವೇ ನಿಂತು, ಕನ್ನಡಕ ಸರಿಮಾಡಿಕೊಂಡು, ಮತ್ತೆ ಓದಿದರು.

"ಸನ್ಮಾನ್ಯ ಅಧ್ಯಕ್ಷರೇ, ಈ ಹೆಚ್ಚುವರಿ ಒಂಬತ್ತು ಎಲ್ಲಿಂದ ಬಂದವು?" ಶಾಸಕರು ಕೇಳಿದರು.

"ಜನಿಸಿದವು," ಅಂದರು ಸಚಿವರು. "ಎಂಟು ಕೇಂದ್ರದೊಳಗೆ. ಒಂದು..." ಅವರ ದನಿ ನಡುಗಿತು. "ಒಂದು ಗೇಟಿನಲ್ಲಿ."

ಎರಡೂ ಕಡೆಯ ಬೆಂಚುಗಳಲ್ಲಿ ಮಾಸ್ಕುಗಳು ಅಲುಗಾಡಿದವು. ಮೇಜು ಕುಟ್ಟುವ ಸದ್ದು ಎದ್ದಿತು. ಸಭಾಧ್ಯಕ್ಷರು ಶಾಂತಿ ಶಾಂತಿ ಎನ್ನುತ್ತ ತಾವೇ ಕಾಗದದ ಹಿಂದೆ ಮುಖ ಮರೆಮಾಡಿದರು. ಶಾಸಕರಿಗೂ ಸಿಟ್ಟು ಉಳಿಸಿಕೊಳ್ಳಲಾಗಲಿಲ್ಲ. ನಗು ಇಳಿದ ಮೇಲೆ ಅವರು ಮೈಕಿಗೆ ಬಾಗಿದರು.

"ಸಚಿವರೇ, ರಾಜ್ಯದ ಎಲ್ಲ ಕೇಂದ್ರಗಳ ಅಂಕಿಅಂಶ ನನ್ನ ಹತ್ತಿರ ಇದೆ. ಒಳಗೆ ಹೋದವರಲ್ಲಿ ಎಷ್ಟು ಜನ ಹೊರಗೆ ಬರಲಿಲ್ಲ ಎಂದು ನಾನು ಇವತ್ತು ಕೇಳಬೇಕಿತ್ತು. ನಾಳೆ ಕೇಳುತ್ತೇನೆ. ಇವತ್ತು ಆ ವಾರ್ಡನ್ನಿಗೆ ನನ್ನ ಅಭಿನಂದನೆ ಮುಟ್ಟಿಸಿ. ಸಂಖ್ಯೆ ಹೆಚ್ಚು ಮಾಡಿ ಹೊರಗೆ ಕಳಿಸಿದವರು ಅವರೊಬ್ಬರೇ."

ಗಂಗಾಂಬಿಕಾ ಎದ್ದು ನಿಂತಳು, ಕೂತಳು, ಮತ್ತೆ ಎದ್ದಳು. ಶೇವಂತಿ ಅವಳನ್ನು ಅಪ್ಪಿಕೊಂಡು, ಅಪ್ಪಿಕೊಳ್ಳಬಾರದೆಂದು ನೆನಪಾಗಿ ದೂರ ಸರಿದು, ಮತ್ತೆ ಅಪ್ಪಿಕೊಂಡಳು. ಮರುದಿನ ಆ ಶಾಸಕರು ಹೇಳಿದಂತೆ ಉಳಿದದ್ದನ್ನೂ ಕೇಳಿದರು. ಅಂದು ಸದನದಲ್ಲಿ ಯಾರೂ ನಗಲಿಲ್ಲ. ಅದನ್ನೂ ಆಕೆ ಕೊನೆಯವರೆಗೆ ಕೂತು ನೋಡಿದಳು.

ಮೇಲಿನ ಕಚೇರಿಯಿಂದ ಅಮಾನತೂ ಬರಲಿಲ್ಲ, ಬಹುಮಾನವೂ ಬರಲಿಲ್ಲ. ಬಂದದ್ದು ದಸರಾ ಕಳೆದ ಮೇಲೆ ಭೀಮಶಿಯ ಫೋನು. ಈ ಸಲ ಸಾಂಗಲಿ ಬಿಟ್ಟು ವಿಜಯಪುರ ಕಡೆ ಕುರಿ ಹೊಡೆದುಕೊಂಡು ಹೊರಟಿದ್ದೇವೆ, ಅವ್ವ ನಿಮ್ಮನ್ನು ನೋಡಬೇಕಂತಾಳೆ ಎಂದ. ಗಂಗಾಂಬಿಕಾ ಸ್ಕೂಟರ್ ತೆಗೆದುಕೊಂಡು ಚಿಕ್ಕಪಡಸಲಗಿಯ ಸೇತುವೆಗೆ ಹೋದಳು. ಕೃಷ್ಣೆ ದಂಡೆ ತುಂಬ ಹರಿಯುತ್ತಿತ್ತು. ಸೇತುವೆಯ ತುಂಬ ಕುರಿ. ಹಿಂದೆ ಕಬ್ಬಿನ ಟ್ರ್ಯಾಕ್ಟರುಗಳು, ಮುಂದೆ ಒಂದು ಬಸ್ಸು, ಡ್ರೈವರು ಹಾರ್ನ್ ಒತ್ತಿ ಒತ್ತಿ ಸಾಕಾಗಿ ಕೈ ಕಟ್ಟಿಕೊಂಡಿದ್ದ.

"ಊಟ ಆತೇನ ತಂಗಿ?" ಸೋಮವ್ವ ದೂರದಿಂದಲೇ ಕೇಳಿದಳು.

"ಇಲ್ಲವಾ."

"ಹಂಗಾರ ಆ ದಂಡಿ ಮಟಾ ನಡೀ. ರೊಟ್ಟಿ ಕಟಗೊಂಡ ಬಂದೇನಿ."

ಗಂಗಾಂಬಿಕಾ ಸ್ಕೂಟರನ್ನು ದಡದಲ್ಲೇ ಬಿಟ್ಟಳು. ಸಂಜೆಯೊಳಗೆ ಹಾಸ್ಟೆಲಿಗೆ ಮರಳಬೇಕಿತ್ತು, ಬರೆಯುವ ವರದಿ ಒಂದಿತ್ತು. ಪರಮಾನಂದ ಅವಳ ಕೈಗೆ ಒಂದು ಬಡಿಗೆ ಕೊಟ್ಟ. ಅವಳು ಅದನ್ನು ಬೀಸುತ್ತ, ಯಾರೂ ಕಲಿಸದ ಒಂದು ಸದ್ದು ಮಾಡುತ್ತ, ನೀರಿನ ಮೇಲಿನ ಗಾಳಿಗೆ ಸೆರಗು ಹಾರಲು ಬಿಟ್ಟು, ಕುರಿಗಳ ನಡುವೆ ನದಿ ದಾಟಿದಳು.