ಮುಷ್ಟಿಯೊಳಗೆ ತಂಗಿಯ ರಕ್ತ

ಬೆಚ್ಚಗಿದೆ, ಮುಷ್ಟಿಯೊಳಗಿನ ಗಾಜಿನ ಕೊಳವೆ ಬೆಚ್ಚಗಿದೆ, ತಂಗಿಯ ತೋಳಿನಿಂದ ಈಗಷ್ಟೇ ತೆಗೆದ ರಕ್ತ, ಅವಳ ಬಿಸಿಯೋ ನನ್ನ ಅಂಗೈಯದೋ ಗೊತ್ತಾಗುತ್ತಿಲ್ಲ, ಮಧ್ಯಾಹ್ನದ ಬಿಸಿಲು ಲ್ಯಾಬಿನ ಮೇಜಿನ ಮೇಲೆ ತೂಕಡಿಸುತ್ತಿದೆ, ಗೋಡೆಯಾಚೆ ಅಳುತ್ತಿರುವುದು ಬೆಳಿಗ್ಗೆ ಹುಟ್ಟಿದ ಅವಳ ಮಗಳು, ನಾನೀಗ ದೊಡ್ಡಮ್ಮ, ಆ ಮಾತನ್ನು ಬಾಯಲ್ಲಿ ಹೊರಳಿಸಿ ನೋಡುವಷ್ಟೂ ಪುರುಸೊತ್ತಿಲ್ಲ, ಹೆತ್ತಾಗಿನಿಂದ ಅವಳಿಗೆ ರಕ್ತ ನಿಂತಿಲ್ಲ — ಡಾಕ್ಟರಮ್ಮ ಹೇಳಿದ್ದು, ಮಷಿನ್ ಕೆಟ್ಟಿದೆ ಅಂತ ಕೈಕಟ್ಟಿ ಕೂರೋಕಾಗುತ್ತಾ, ಹಳೇ ಥರ ಕೊಳವೇನ ಮುಷ್ಟೀಲಿ ಬೆಚ್ಚಗಿಟ್ಟು ನೋಡು, ಹೆಪ್ಪುಗಟ್ಟಿದ್ರೆ ಆಪರೇಷನ್‌ಗೆ ಕೈ ಹಾಕ್ತೀನಿ, ಕಟ್ಟದಿದ್ರೆ ಚಾಕು ಮುಟ್ಟೋ ಹಾಗಿಲ್ಲ. ಮೊದಲನೆಯ ಕೊಳವೆ ನಾನೇ ಕೆಡಿಸಿದೆ, ಬೇರೆಯವರ ರಕ್ತವಾಗಿದ್ದರೆ ಕಲ್ಲಿನಂತೆ ಕೂತು ಕಾಯುತ್ತಿದ್ದೆ, ಇವಳದೆಂದು ಗಳಿಗೆಗೊಮ್ಮೆ ಮುಷ್ಟಿ ಬಿಚ್ಚಿ ಓರೆ ಮಾಡಿದೆ, ರಕ್ತ ಗಾಜಿನ ಮೇಲೆ ಜಾರಿತು, ಮತ್ತೆ ಓರೆ, ಮತ್ತೆ ಜಾರಿತು, ಆಗಷ್ಟೇ ಹುಟ್ಟುವ ಹೆಪ್ಪಿನ ಎಳೆ ಅಲುಗಾಡಿದರೆ ಕಿತ್ತುಹೋಗುತ್ತದೆ, ಇದನ್ನು ಹೊಸಬರಿಗೆಲ್ಲ ಕಲಿಸಿದವಳೇ ನಾನು.

ಇದು ಎರಡನೆಯದು, ಈ ಸಲ ಹೊತ್ತಾಗುವವರೆಗೆ ಬಿಚ್ಚಿ ನೋಡುವುದಿಲ್ಲ. ಫೈಬ್ರಿನೋಜನ್, ಎಷ್ಟು ಉದ್ದದ ಹೆಸರು, ರಕ್ತದ ಹಳದಿ ನೀರಿನಲ್ಲಿ ಸದ್ದಿಲ್ಲದೆ ಕರಗಿರುತ್ತದೆ, ಗಾಯವಾಗುವವರೆಗೆ ಇದೆಯೆಂದೇ ತಿಳಿಯುವುದಿಲ್ಲ, ಆಮೇಲೆ ನೂಲಾಗುತ್ತದೆ, ನೂಲಿಗೆ ನೂಲು ಸೇರಿ ಬಲೆ, ಓಡುವ ಕೆಂಪು ಕಣಗಳೆಲ್ಲ ಬಲೆಯೊಳಗೆ — ಅವಳಲ್ಲಿ ಎಷ್ಟೊಂದಿತ್ತು, ಮೊಣಕಾಲು ತರಚಿಕೊಂಡ ಮರುದಿನವೇ ಗಟ್ಟಿ ಹಕ್ಕಳೆ, ಮೆಟ್ಟಿಲ ಮೇಲೆ ಕೂತು ಉಗುರಿನಿಂದ ಎಬ್ಬಿಸುತ್ತಾಳೆ, ಅಮ್ಮ ಒಳಗಿನಿಂದಲೇ, ಕೀಳಬೇಡ್ವೇ, ಕೋತಿ ಹುಣ್ಣು ಬ್ರಹ್ಮರಾಕ್ಷಸ ಆಗುತ್ತೆ, ಇವಳು, ನನ್ನ ಮೊಣಕಾಲು ನನ್ನಿಷ್ಟ, ಕಿತ್ತಷ್ಟೂ ಬರುತ್ತಿತ್ತು, ಈಗ ಇದ್ದಬದ್ದ ನೂಲೆಲ್ಲ ಹರಿದು ಹೋಗಿದೆ, ಯಾರೋ ದಾನ ಕೊಟ್ಟ ಪ್ಲಾಸ್ಮಾ, ಅದೇ ಹಳದಿ ನೀರು, ಮಂಜುಗಟ್ಟಿದ ಚೀಲವನ್ನು ಉಗುರುಬೆಚ್ಚಗಿನ ನೀರಿನಲ್ಲಿಟ್ಟು ಕರಗಿಸಿದ್ದು, ಅವಳೊಳಗೆ ಇಳಿದಿದೆ, ಯಾರದೋ ನೂಲು, ಅವರು ಈಗೆಲ್ಲೋ ಬಸ್ಸಿಗೆ ಕಾಯುತ್ತಿರಬಹುದು, ಪುಣ್ಯಾತ್ಮರು. ಸೂಜಿ ಚುಚ್ಚುವಾಗ ಬಿಳಿಚಿದ ತುಟಿಯಲ್ಲೇ ನಕ್ಕಳಲ್ಲ, ಅಕ್ಕ, ಮಗು ಮೂಗು ಥೇಟ್ ನಿಂದೇ ಕಣೇ, ಪಾಪ ಅದಕ್ಕೆ. ನಿನ್ನ ಬಿಟ್ಟು ನಾನು ಹೇಗಿರಲಿ, ಅಷ್ಟೇ ಹೇಳಬೇಕಿತ್ತು, ಸುಮ್ನಿರು, ಮಾತಾಡಬೇಡ ಎಂದೆ. ಕಣ್ಣು ಮುಚ್ಚಿದರೆ ಮುಷ್ಟಿಯೊಳಗೆ ಯಾರೋ ನೇಯುತ್ತಿರುವ ಸದ್ದು, ಅದು ಮೂಲೆಯ ಫ್ರಿಜ್ಜಿನದು, ಇರಲಿ, ನೇಯಲಿ.

ಹೊತ್ತಾಯಿತು. ಬೆರಳುಗಳು ಬಿಚ್ಚಿಕೊಳ್ಳಲು ಒಪ್ಪುತ್ತಿಲ್ಲ, ಡಾಕ್ಟರಮ್ಮ ಬಾಗಿಲಲ್ಲಿ, ಏನಾಯ್ತು ಹೇಳು, ಕೊಳವೆಯನ್ನು ಓರೆ ಮಾಡುತ್ತೇನೆ, ರಕ್ತದ ಅಂಚು ನಡುಗುತ್ತದೆ, ಇನ್ನೂ ಓರೆ, ಪೂರ್ತಿ ತಲೆಕೆಳಗು, ಎತ್ತಿ ತೋರಿಸುತ್ತೇನೆ, ಅವರ ಚಪ್ಪಲಿಯ ಸದ್ದು ಆಪರೇಷನ್ ಕೋಣೆಯ ಕಡೆಗೆ ಓಡುತ್ತದೆ, ನಾನು ಕೈ ಇಳಿಸುವುದಿಲ್ಲ, ತಲೆಕೆಳಗಾದ ಕೊಳವೆ, ಬೀಳದ ರಕ್ತ, ತಲೆಕೆಳಗಾದ ಕೊಳವೆ, ಬೀಳದ