ಮಗನಿಗಿಂತ ಚಿಕ್ಕ ತಾಯಿ

ಹೀರೋನ ವ್ಯಾನಿನ ಎ.ಸಿ. ಕೆಟ್ಟಿತ್ತು. ಅದಕ್ಕೇ ಆತ ಆ ದಿನ ಹೆಂಗಸರ ಮೇಕಪ್ ಕೋಣೆಗೆ ಬಂದು ಕೂತ. ಇಲ್ಲದಿದ್ದರೆ ಆ ದೃಶ್ಯ ನಮ್ಮ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ.

ಕೋಣೆ ಚಿಕ್ಕದು. ಕಿಟಕಿಗೆ ಕಪ್ಪು ಬಟ್ಟೆ ಹೊಡೆದಿದ್ದರು. ಕನ್ನಡಿಯ ಸುತ್ತ ಬಲ್ಬುಗಳು. ಅರ್ಧ ಉರಿಯುತ್ತಿರಲಿಲ್ಲ, ಉರಿಯುತ್ತಿದ್ದ ಅರ್ಧವೇ ಬೆವರಿಳಿಸಲು ಸಾಕಾಗಿತ್ತು. ಒಂದು ಟೇಬಲ್ ಫ್ಯಾನ್ ಇತ್ತು. ಹೀರೋ ಬಂದ ಕೂಡಲೇ ಅದರ ಮುಖ ಅವನ ಕಡೆ ತಿರುಗಿತು. ಎಡಗಡೆ ಕುರ್ಚಿಯಲ್ಲಿ ನಮ್ಮ ಅಕ್ಕ, ಬಲಗಡೆಯದರಲ್ಲಿ ಅವನು. ಅಕ್ಕನ ಕಪ್ಪು ಕೂದಲಿಗೆ ಬಿಳಿ ಬಳಿಯುತ್ತಿದ್ದರು. ಅವನ ಬಿಳಿ ಕೂದಲಿಗೆ ಕಪ್ಪು ಬಳಿಯುತ್ತಿದ್ದರು. ಆ ಸಿನಿಮಾದಲ್ಲಿ ಅಕ್ಕ ತಾಯಿ, ಅವನು ಮಗ. ಕಾಲೇಜು ಮುಗಿಸಿ ಮೊದಲ ರ‍್ಯಾಂಕ್ ಬಂದ ಮಗ.

"ಇಬ್ರೂ ಕುರ್ಚಿ ಬದಲಾಯಿಸ್ಕೊಂಡ್ರೆ ನಮಗೆ ಅರ್ಧ ದಿನ ರಜಾ," ಎಂದಳು ಪಿನ್ನಮ್ಮ.

ಪಿನ್ನಮ್ಮ ಅಕ್ಕನ ಕೂದಲು ನೋಡಿಕೊಳ್ಳುವವಳು. ಬಾಯಲ್ಲಿ ಸದಾ ಪಿನ್ನು ಕಚ್ಚಿಕೊಂಡಿರುತ್ತಾಳೆ. ಹಾಗಾಗಿ ಅವಳು ಏನೇ ಅಂದರೂ ಸರಿಯಾಗಿ ಕೇಳಿಸಲಿಲ್ಲ ಎಂದು ನಟಿಸುವ ಅನುಕೂಲ ಎಲ್ಲರಿಗೂ ಇದೆ. ಹೀರೋ ಆ ಅನುಕೂಲವನ್ನು ಬಳಸಿಕೊಂಡ.

ಅವನ ಸಹಾಯಕ ಹೊಟ್ಟೆಗೆ ಬೆಲ್ಟ್ ಬಿಗಿಯಲು ಬಂದ. ಹೀರೋ ಎದ್ದು ಗೋಡೆ ಹಿಡಿದು ನಿಂತ. ಸಹಾಯಕ ಅವನ ಬೆನ್ನಿಗೆ ಮಂಡಿ ಕೊಟ್ಟು ಎಳೆದ.

"ಉಸಿರು ಬಿಡಿ ಸಾರ್."

"ಬಿಟ್ಟಿದೀನಿ ಕಣೋ."

"ಇನ್ನೂ ಇದೆ ಸಾರ್."

ಅಕ್ಕ ಕನ್ನಡಿಯಲ್ಲಿ ಇದನ್ನೆಲ್ಲ ನೋಡುತ್ತ ಕೂತಿದ್ದಳು. ನಗಲಿಲ್ಲ. ಅವಳು ನಗದಿದ್ದಾಗ ನನಗೆ ಭಯವಾಗುತ್ತದೆ.

ಆ ಕೋಣೆಯಲ್ಲಿ ನನಗಿದ್ದ ಕೆಲಸ ಕಾಯುವುದು. ಹಿಂದಿ ಸಿನಿಮಾದ ನಾಯಕಿಯ ಪಕ್ಕದಲ್ಲಿ ಅವಳ ಮನೆಯವರೊಬ್ಬರು ಕೂತಿರಬೇಕು ಎಂಬುದು ಈ ಕಸುಬಿನ ಪದ್ಧತಿ. ಮೊದಲು ಅಮ್ಮ ಕೂರುತ್ತಿದ್ದಳು. ಅಮ್ಮನ ಮಂಡಿ ಹೋದ ಮೇಲೆ ಆ ಕುರ್ಚಿ ನನಗೆ ಬಂತು. ಬಿ.ಎ. ಮಾಡಿ ಮನೆಯಲ್ಲಿ ಖಾಲಿ ಕೂತಿದ್ದೆ, ಇಲ್ಲಿ ಬಂದು ಕೂತೆ, ಅಷ್ಟೇ ವ್ಯತ್ಯಾಸ. ಅಕ್ಕನ ಚೀಲ, ನೀರಿನ ಬಾಟಲಿ, ಕೊಡೆ ನನ್ನ ವಶ. ಅಕ್ಕನ ಜೊತೆ ಯಾರು ಮಾತಾಡಿದರು, ಅವಳು ನಕ್ಕಳೇ, ನಕ್ಕಿದ್ದರೆ ಎಂಥ ನಗೆ ಎಂದು ಸಂಜೆ ಅಣ್ಣನಿಗೆ ಹೇಳಬೇಕು. ಯೂನಿಟ್ಟಿನವರು ನನ್ನನ್ನು ಬಾಲ ಎನ್ನುತ್ತಿದ್ದರು. "ಬಾಲ ಬಂತು, ಹುಷಾರು."

ಅಕ್ಕನ ದಿನಗಳನ್ನು ಮಾರುವವನು ಅಣ್ಣ. ಅವಳ ಯಾವ ಬೆಳಗ್ಗೆ ಯಾರಿಗೆ, ಯಾವ ಮಧ್ಯಾಹ್ನ ಯಾರಿಗೆ ಎಂದು ಅವನೇ ಹಂಚುತ್ತಿದ್ದ. ಅವಳ ವಯಸ್ಸು ಕೂಡ ಅವನ ಇಲಾಖೆಯೇ. ಅವಳಿಗೆ ಹದಿನಾಲ್ಕು ಆಗಿದ್ದಾಗ ಒಬ್ಬ ನಿರ್ಮಾಪಕನ ಮುಂದೆ ನಿಲ್ಲಿಸಿ ಒಂದೇ ಮಧ್ಯಾಹ್ನದಲ್ಲಿ ಹದಿನೆಂಟು ಮಾಡಿದ. ಮೂವತ್ತಾದಾಗ ಇಪ್ಪತ್ತೈದಕ್ಕೆ ತಂದ. ಮಾರನೆಯ ವರ್ಷ ಇಪ್ಪತ್ತನಾಲ್ಕು. ಲಿಫ್ಟಿನ ಹಾಗೆ ಹತ್ತಿಸುವ ಇಳಿಸುವ ಗುಂಡಿ ಅವನ ಕೈಯಲ್ಲಿತ್ತು. ಹೀಗೆ ಅಕ್ಕ ಇಳಿಯುತ್ತ ಬಂದು ಒಂದು ದಿನ ನನ್ನನ್ನು ದಾಟಿ ಕೆಳಗೆ ಹೋದಳು. ಒಂದು ಸಿನಿಮಾ ಪತ್ರಿಕೆಯಲ್ಲಿ ನಮ್ಮಿಬ್ಬರ ಫೋಟೋ ಬಂತು. ನಾನು ಅವಳಿಗಿಂತ ನಾಲ್ಕು ವರ್ಷ ಚಿಕ್ಕವಳು. ಕೆಳಗೆ ಬರೆದಿದ್ದರು: ‘ಹಿರಿಯ ಸಹೋದರಿಯೊಂದಿಗೆ’.

ಅವಳ ದುಡಿಮೆಯಲ್ಲಿ ಮನೆ ಎದ್ದಿತು. ಅಣ್ಣನ ಹೋಟೆಲು ಎದ್ದಿತು, ಬಿತ್ತು, ಮತ್ತೆ ಎದ್ದಿತು. ನನ್ನ ಬಿ.ಎ. ಎದ್ದದ್ದೂ ಅದರಲ್ಲೇ. ಒಂದು ಸಲ ಇದೇ ಹೀರೋ ಜೊತೆ ಹಿಮದಲ್ಲಿ ಹಾಡಿನ ಚಿತ್ರೀಕರಣ. ಅವನಿಗೆ ಎರಡು ಸ್ವೆಟರು, ಮೇಲೆ ಕೋಟು, ಕೈಗೆ ಗವಸು. ಅಕ್ಕನಿಗೆ ಆಚೆ ಬದಿ ಕಾಣುವಂಥ ತೆಳು ಸೀರೆ, ತೋಳಿಲ್ಲದ ರವಿಕೆ. ಪ್ರೇಮದಲ್ಲಿ ಚಳಿ ಹೆಂಗಸಿಗೆ ಆಗುವುದಿಲ್ಲ ಎಂಬುದು ಹಾಡು ಬರೆದವರ ನಂಬಿಕೆ. ಆ ಹಾಡು ಊರೂರಲ್ಲಿ ಮೊಳಗುತ್ತಿದ್ದಾಗ ಅಕ್ಕ ಎದೆಯಲ್ಲಿ ಕಫ ಕಟ್ಟಿ ಆಸ್ಪತ್ರೆಯಲ್ಲಿದ್ದಳು.

ಆ ಪ್ರಿಯಕರನೇ ಈಗ ಮಗ. ಒಪ್ಪಿಕೊಂಡು ಬಂದವನು ಅಣ್ಣ. ಊಟದ ಮೇಜಿನಲ್ಲಿ ಸುದ್ದಿ ಹೇಳಿದ.

"ತಾಯಿ ಪಾತ್ರ ಅಂದ್ರೆ ಗೌರವದ್ದು ಕಣೇ."

"ಆ ಗೌರವಾನ ಅವನಿಗೇ ಕೊಡು. ಅಪ್ಪನ ಪಾತ್ರ ಮಾಡ್ಲಿ," ಎಂದಳು ಅಕ್ಕ.

"ಅವನು ಹೀರೋ."

"ಮತ್ತೆ ನಾನು?"

ಅಣ್ಣ ನೀರು ಕುಡಿದ. ಅತ್ತಿಗೆ ಸಮಾಧಾನಕ್ಕೆ ಬಂದಳು. "ಒಂದೇ ಒಂದು ಸಿನಿಮಾ ತಾನೆ, ಮಾಡಿ ಮರೆತುಬಿಡು."

"ಇಲ್ಲಿ ಒಂದ್ಸಲ ತಲೆ ಬೆಳ್ಳಗಾದ್ರೆ ಮತ್ತೆ ಕಪ್ಪಾಗಲ್ಲ ಅತ್ತಿಗೆ. ನಾಳೆಯಿಂದ ಎಲ್ರಿಗೂ ನಾನು ತಾಯೀನೆ. ನಾಲ್ಕು ವರ್ಷ ಅತ್ತು, ಐದನೇ ವರ್ಷ ಗೋಡೆ ಮೇಲೆ ಹಾರ ಹಾಕಿದ ಫೋಟೋ. ಫೋಟೋಗೆ ಯಾರೂ ಸಂಬಳ ಕೊಡಲ್ಲ."

ಅದು ನಿಜ. ಈ ಕಸುಬಿನಲ್ಲಿ ಬಿಳಿ ಬಳಿಸಿಕೊಂಡ ನಾಯಕಿ ಯಾರೂ ತಿರುಗಿ ಬಂದಿಲ್ಲ. ಅಕ್ಕನಿಗೆ ಇನ್ನೂ ಹತ್ತು ವರ್ಷ ತನ್ನ ವಯಸ್ಸಿನ ಹೆಣ್ಣಾಗಿ ಕೆಲಸ ಮಾಡುವ ಆಸೆ ಇತ್ತು. ತನಗೆ ಗೊತ್ತಿದ್ದದ್ದು ಅದೊಂದೇ ಕೆಲಸ ಎನ್ನುತ್ತಿದ್ದಳು.

"ಮಾತು ಕೊಟ್ಟಾಗಿದೆ," ಎಂದ ಅಣ್ಣ.

"ಯಾರ ಮಾತು?"

"ನಿಂದೇ."

ಆ ದಿನ ಸೆಟ್ಟಿನಲ್ಲಿ ಬಡವರ ಮನೆಯೊಂದನ್ನು ಹಲಗೆಯಲ್ಲಿ ಕಟ್ಟಿದ್ದರು. ಬಡತನ ಕಾಣಲಿ ಎಂದು ಹೊಸ ಗೋಡೆಗೆ ಮಸಿ ಬಳಿದಿದ್ದರು. ಮಗ ಓಡಿ ಬಂದು, ಮಂಡಿಯೂರಿ, ತಾಯಿಯ ಮಡಿಲಲ್ಲಿ ತಲೆಯಿಟ್ಟು ಅಳಬೇಕು. ಸುತ್ತ ನೆರೆಹೊರೆಯ ಹೆಂಗಸರು ಕಣ್ಣೊರೆಸಿಕೊಳ್ಳಬೇಕು. ತೊಂದರೆ ಏನೆಂದರೆ, ಬೆಲ್ಟ್ ಕಟ್ಟಿದ ಮಗ ಮಂಡಿಯೂರಲಾರ. ಎರಡು ಸಲ ಪ್ರಯತ್ನಪಟ್ಟ. ಎರಡನೆಯ ಸಲ ಅವನನ್ನು ಎಬ್ಬಿಸಲು ಇಬ್ಬರು ಬೇಕಾದರು.

ನಿರ್ದೇಶಕ ತಲೆ ಓಡಿಸಿದ. ಪೆಟ್ಟಿಗೆಯ ಮೇಲೆ ಪೆಟ್ಟಿಗೆ ಪೇರಿಸಿ, ಅದರ ಮೇಲೆ ಕುರ್ಚಿ ಇಡಿಸಿ, ಅಕ್ಕನನ್ನು ಹತ್ತಿಸಿ ಕೂರಿಸಿದ. ಈಗ ಮಗ ನಿಂತುಕೊಂಡೇ ಮಡಿಲಲ್ಲಿ ತಲೆ ಇಡಬಹುದು. ಕ್ಯಾಮೆರಾ ಸೊಂಟದಿಂದ ಮೇಲೆ ಮಾತ್ರ ನೋಡಿದರೆ ಮಂಡಿಯೂರಿದ ಹಾಗೇ ಕಾಣುತ್ತದೆ.

"ಹುಷಾರು ಮೇಡಂ, ಅಲುಗಾಡಬೇಡಿ."

"ಇಲ್ಲಿಂದ ಎಲ್ರ ನೆತ್ತೀನೂ ಕಾಣ್ಸತ್ತೆ," ಎಂದಳು ಅಕ್ಕ ಮೇಲಿನಿಂದ. "ಯಾರ್ಯಾರು ಬಣ್ಣ ಹಾಕ್ಕೊಂಡಿದಾರೆ ಎಲ್ಲಾ ಗೊತ್ತಾಗತ್ತೆ."

ಹೀರೋನ ಕೈ ತಾನಾಗಿ ನೆತ್ತಿಗೆ ಹೋಯಿತು. ನೆರೆಹೊರೆಯ ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡರು.

ಆ ಹೆಂಗಸರು ದಿನಗೂಲಿಯವರು. ಅವರನ್ನು ಕರೆತರುವವನೊಬ್ಬ ಇದ್ದಾನೆ, ಸಪ್ಲೈಯರ್. ಮೂವತ್ತರೊಳಗಿನವರನ್ನು ಮುಂದಿನ ಸಾಲಿನಲ್ಲಿ ನಿಲ್ಲಿಸುತ್ತಾನೆ. ಮೂವತ್ತು ದಾಟಿದವರು ಹಿಂದೆ. ಹಿಂದಿನ ಸಾಲಿಗೆ ಕೂಲಿ ಕಡಿಮೆ, ಊಟ ಕೊನೆಗೆ. ಹಾಗಾಗಿ ಅಲ್ಲಿ ಯಾರಿಗೂ ಮೂವತ್ತು ಆಗುತ್ತಿರಲಿಲ್ಲ.

ಇನ್ನೊಂದು ಪಕ್ಕ ಹೊಸ ನಾಯಕಿ ಕೂತಿದ್ದಳು. ಹೀರೋನ ಪ್ರೇಯಸಿಯ ಪಾತ್ರ ಅವಳದ್ದು. ಪತ್ರಿಕೆಗಳ ಪ್ರಕಾರ ಇಪ್ಪತ್ತೊಂದು. ಅವಳ ಪಕ್ಕದ ಕುರ್ಚಿಯಲ್ಲಿ ಅವಳ ತಾಯಿ, ತೊಡೆಯ ಮೇಲೆ ಚೀಲ. ನಾವಿಬ್ಬರೂ ಒಂದೇ ಕೆಲಸದವರು, ಒಬ್ಬರನ್ನೊಬ್ಬರು ನೋಡಿದರೂ ನೋಡದಂತೆ ಇರುತ್ತಿದ್ದೆವು. ಆ ಹುಡುಗಿ ಜಡೆಯ ತುದಿಯನ್ನು ಬಾಯಿಗಿಟ್ಟು ಚೀಪುತ್ತಿದ್ದಳು. ತಾಯಿ ಎಳೆದು ತೆಗೆಯುತ್ತಿದ್ದಳು. ಮತ್ತೆ ಇಡುತ್ತಿದ್ದಳು.

ಮೊದಲ ಟೇಕ್. ಹೀರೋ ಓಡಿ ಬಂದ. "ಅಮ್ಮಾ, ನಾನು ಪಾಸಾದೆ." ತಲೆ ಬಾಗಿಸಿದ. ಬೆಲ್ಟು ಪಟ್ ಎಂದಿತು. ಧ್ವನಿ ಹಿಡಿಯುವವನು ಕೈ ಎತ್ತಿದ. "ಏನೋ ಮುರೀತು ಸಾರ್."

ಎರಡನೆಯ ಟೇಕ್. ತಲೆಯಿಟ್ಟ, ಅತ್ತ, ಎತ್ತಿದ. ಅಕ್ಕನ ಬಿಳಿ ಸೀರೆಯ ಮಡಿಲಲ್ಲಿ ಅವನ ತಲೆಯಷ್ಟೇ ಅಗಲದ ಕಪ್ಪು ಕಲೆ ಉಳಿಯಿತು. ಬಣ್ಣ ಇನ್ನೂ ಒಣಗಿರಲಿಲ್ಲ.

"ಪರವಾಗಿಲ್ಲ, ಕ್ಯಾಮೆರಾಗೆ ಕಾಣಲ್ಲ. ಮೂರನೇ ಟೇಕ್," ಎಂದ ನಿರ್ದೇಶಕ. "ಮೇಡಂ, ನಿಮ್ಮ ಮಾತು. ಇಪ್ಪತ್ತೆರಡು ವರ್ಷ ನಿನಗೋಸ್ಕರ ಬದುಕಿದೆ ಕಂದಾ."

ಹೀರೋ ಬಂದ, ಪಾಸಾದ, ತಲೆಯಿಟ್ಟ. ಅಕ್ಕ ತನ್ನ ಮಡಿಲನ್ನೇ ನೋಡುತ್ತಿದ್ದಳು. ಆಮೇಲೆ ತಲೆ ಎತ್ತಿ, ಸಾಮಾನ್ಯ ದನಿಯಲ್ಲಿ ಹೇಳಿದಳು.

"ನನಗೆ ಮೂವತ್ತೊಂಬತ್ತು."

"ಮೇಡಂ, ಅದು ಡೈಲಾಗಲ್ಲಿ ಇಲ್ಲ."

"ಗೊತ್ತು. ಎಲ್ಲೂ ಇಲ್ಲ. ಅದಕ್ಕೇ ಹೇಳ್ತಿದೀನಿ. ಮೂವತ್ತೊಂಬತ್ತು. ಈ ಕಂದ ಹುಟ್ಟಿದಾಗ ನಾನು ಹುಟ್ಟಿರಲೇ ಇಲ್ಲ."

ಸಂಜೆ ಅಣ್ಣನಿಗೆ ಇದನ್ನು ಯಾವ ಮಾತಿನಲ್ಲಿ ಹೇಳುವುದು ಎಂದು ಆಗಲೇ ಹುಡುಕಲು ಶುರುಮಾಡಿದ್ದೆ. ನಾಯಕಿಯೊಬ್ಬಳು ಬಟ್ಟೆ ಹರಿದರೂ ಸಾವರಿಸಿಕೊಳ್ಳುತ್ತಾಳೆ, ವಯಸ್ಸು ಹೇಳುವುದಿಲ್ಲ.

ಪಿನ್ನಮ್ಮ ಬಾಯಿಂದ ಪಿನ್ನುಗಳನ್ನು ಒಂದೊಂದಾಗಿ ತೆಗೆದು ಅಂಗೈಯಲ್ಲಿಟ್ಟುಕೊಂಡಳು. ಅವಳ ಮಾತು ಅಷ್ಟು ಸ್ಪಷ್ಟವಾಗಿ ಕೇಳಿದ್ದು ಅದೇ ಮೊದಲು.

"ನಂಗೆ ಐವತ್ತೇಳು. ಯೂನಿಯನ್ ಕಾರ್ಡಲ್ಲಿ ನಲವತ್ತೆಂಟು. ನಿಜ ಹೇಳಿದ್ರೆ ಹೀರೋಯಿನ್ ತಲೆ ಮುಟ್ಟೋಕೆ ಬಿಡಲ್ಲ, ಕೈ ನಡುಗತ್ತೆ ಅಂತಾರೆ. ಎಲ್ಲಿ ನಡುಗತ್ತೆ, ನೋಡಿ."

ಕೈ ಚಾಚಿ ತೋರಿಸಿದಳು. ನಡುಗಲಿಲ್ಲ.

ನೆರೆಹೊರೆಯವರ ಮುಂದಿನ ಸಾಲಿನಲ್ಲಿ ಗುಸುಗುಸು ಎದ್ದಿತು. ಕೆಂಪು ರವಿಕೆಯವಳೊಬ್ಬಳು ಸಪ್ಲೈಯರನ ಕಡೆ ಬೆರಳು ಮಾಡಿದಳು. "ಇವನ ಲೆಕ್ಕದಲ್ಲಿ ನಂಗೆ ಇಪ್ಪತ್ತೊಂಬತ್ತು. ಆರು ವರ್ಷದಿಂದ ಇಪ್ಪತ್ತೊಂಬತ್ತೇ."

"ನನ್ನ ಮಗಳಿಗೇ ಇಪ್ಪತ್ತೊಂಬತ್ತು ಕಣ್ರೀ," ಎಂದಳು ಪಕ್ಕದವಳು. "ಇವನ ಪ್ರಕಾರ ನಾವಿಬ್ರೂ ಅವಳಿ ಜವಳಿ."

ನಗು ಸಾಲಿನಿಂದ ಸಾಲಿಗೆ ಹರಡಿತು. ನಲವತ್ತೊಂದು, ಮೂವತ್ತಾರು, ಐವತ್ತು ಎಂದು ಮೂಲೆ ಮೂಲೆಯಿಂದ ಕೇಳಿಬಂತು. ಕೆಲವರು ಕೈ ಎತ್ತಿ ಹೇಳಿದರು. ಸಪ್ಲೈಯರನ ಕತ್ತಿನ ನರ ಉಬ್ಬಿತು.

"ವಯಸ್ಸು ಹೇಳ್ದೋರೆಲ್ಲಾ ಹಿಂದಿನ ಸಾಲಿಗೆ ನಡೀರಿ. ಇವತ್ತಿನ ಕೂಲಿ ಕಟ್."

ಯಾರೂ ಕದಲಲಿಲ್ಲ.

"ಎಲ್ಲಾರೂ ಹಿಂದಕ್ಕೆ ಹೋದ್ರೆ ಮುಂದೆ ಯಾರು ನಿಲ್ತಾರೆ, ನೀನಾ?" ಎಂದಳು ಕೆಂಪು ರವಿಕೆಯವಳು. "ಬಾ, ಸೀರೆ ಕೊಡ್ತೀನಿ."

ಆಗ ಎಲ್ಲರ ಕಣ್ಣೂ ಒಂದೇ ಕಡೆ ತಿರುಗಿತು. ಹೀರೋ ಇನ್ನೂ ಅಕ್ಕನ ಮಂಡಿಯ ಹತ್ತಿರ ನಿಂತಿದ್ದ. ಬೆಲ್ಟಿನಿಂದಾಗಿ ಬೇಗ ತಿರುಗಲು ಆಗುತ್ತಿರಲಿಲ್ಲ.

"ನನ್ನ ವಯಸ್ಸು ನನ್ನ ಅಭಿಮಾನಿಗಳಿಗೆ ಗೊತ್ತು," ಎಂದ ಗಂಭೀರವಾಗಿ.

"ಅವರ ತಾತಂದಿರಿಗೂ ಗೊತ್ತು ಬಿಡಿ," ಎಂದಳು ಪಿನ್ನಮ್ಮ.

ಲೈಟು ಹಿಡಿದವರು ಕೂಡ ನಕ್ಕರು. ನಿರ್ದೇಶಕ ಕುರ್ಚಿಯಲ್ಲಿ ಕುಸಿದು ಮುಖ ಮುಚ್ಚಿಕೊಂಡ. ಅವನ ಹೆಗಲೂ ಅಲುಗುತ್ತಿತ್ತು. ನನಗೂ ನಗು ಬಂತು. ಸೆಟ್ಟುಗಳಲ್ಲಿ ಅಷ್ಟು ವರ್ಷ ಕೂತು ನಾನು ಬೇರೆಯವರ ನಗುವನ್ನು ಮಾತ್ರ ಗಮನಿಸಿದ್ದೆ.

"ನಂಗೆ ಹದಿನಾರು."

ಮೆಲ್ಲಗೆ ಬಂದ ಮಾತು. ಆದರೂ ಎಲ್ಲರಿಗೂ ಕೇಳಿತು. ಹೊಸ ನಾಯಕಿ ಎದ್ದು ನಿಂತಿದ್ದಳು. ಎಲ್ಲರೂ ಹೇಳುತ್ತಿದ್ದಾರೆ, ಇದೊಂದು ಆಟ, ತನ್ನ ಸರದಿ ಬಂತು ಎಂದುಕೊಂಡಿದ್ದಳೋ ಏನೋ, ಮುಖದಲ್ಲಿ ಅರ್ಧ ನಗು ಇತ್ತು. ಅವಳ ತಾಯಿ ತಟ್ಟನೆ ಎದ್ದು ಆ ಬಾಯಿಯನ್ನು ಅಂಗೈಯಿಂದ ಮುಚ್ಚಿದಳು. ತೊಡೆಯ ಮೇಲಿದ್ದ ಚೀಲ ಕೆಳಗೆ ಬಿತ್ತು.

"ತಮಾಷೆಗೆ ಹೇಳ್ತಾಳೆ. ಇಪ್ಪತ್ತೊಂದು ಇವಳಿಗೆ, ಇಪ್ಪತ್ತೊಂದು."

ನಗು ನಿಂತಿತು. ಹೀರೋ ಮೊದಲ ಸಲ ನೆಲ ನೋಡಿದ. ನಿರ್ಮಾಪಕನ ಕಡೆಯವನೊಬ್ಬ ಬಾಗಿಲು ಹಾಕಿಸಲು ಓಡಿದ.

ಅಕ್ಕ ಪೆಟ್ಟಿಗೆಗಳ ಮೇಲಿಂದ ಇಳಿಯತೊಡಗಿದಳು. ಯಾರೂ ಕೈ ಕೊಡಲಿಲ್ಲ. ಪಿನ್ನಮ್ಮ ಹೋಗಿ ಕೊಟ್ಟಳು. ಅಕ್ಕ ನೇರ ಆ ಹುಡುಗಿಯ ಮುಂದೆ ಬಂದು ನಿಂತಳು.

"ಕೈ ತೆಗೀರಿ. ಉಸಿರಾಡ್ಲಿ."

"ನಿಮಗೇನು ಗೊತ್ತು ಮೇಡಂ," ಎಂದಳು ತಾಯಿ. ಕೋಪ ಇರಲಿಲ್ಲ, ಕೈಯನ್ನೂ ತೆಗೆಯಲಿಲ್ಲ. "ಇವರಪ್ಪ ಹಾಸಿಗೆ ಹಿಡಿದು ಎರಡು ವರ್ಷ ಆಯ್ತು. ಮನೇಲಿ ನಾಲ್ಕು ಹೊಟ್ಟೆ. ನಾನು ಯಾರ ಬಾಗಿಲಿಗೆ ಹೋಗ್ಲಿ?"

"ಬನ್ನಿ ನಮ್ಮನೆಗೆ. ಹನ್ನೊಂದು ಹೊಟ್ಟೆ ತೋರಿಸ್ತೀನಿ. ಎಲ್ಲಾ ತುಂಬಿವೆ, ಗುಂಡುಗುಂಡಗಿವೆ." ಅಕ್ಕ ಆ ಹೆಂಗಸಿನ ಕೈ ಹಿಡಿದಳು. "ಕೈ ತೆಗೀರಮ್ಮ. ಹದಿನಾಲ್ಕಕ್ಕೆ ನನ್ನ ಬಾಯಿ ಮೇಲೆ ಬಂದ ಕೈನ ಇನ್ನೂ ಯಾರೂ ತೆಗೆದಿಲ್ಲ."

ತಾಯಿ ಕೈ ತೆಗೆದಳು. ತೆಗೆದ ಕೈಯನ್ನು ಏನು ಮಾಡುವುದೆಂದು ತಿಳಿಯದೆ ನೋಡುತ್ತ ನಿಂತಳು.

ನಿರ್ಮಾಪಕನ ಕಡೆಯವನು ನನ್ನ ಕಿವಿಯ ಹತ್ತಿರ ಬಂದ. "ಬಾಲ, ನಿಮ್ಮಕ್ಕಂಗೆ ಹೇಳು. ಇವತ್ತಿಗೆ ಅವಳ ಕಥೆ ಮುಗೀತು. ತಾಯಿ ಪಾತ್ರಾನೂ ಸಿಗಲ್ಲ, ಹೆಣದ ಪಾತ್ರಾನೂ ಸಿಗಲ್ಲ."

ಅವನು ಹೇಳಿದ್ದು ನಿಜವಾಗುತ್ತದೆ ಎಂದು ನನಗೆ ಗೊತ್ತಿತ್ತು. ನನ್ನ ಹೊಟ್ಟೆಯೂ ಆ ಹನ್ನೊಂದರಲ್ಲಿ ಒಂದು.

ಚೀಲದಲ್ಲಿ ಫೋನು ಗುರ್ ಎಂದಿತು. ಅಣ್ಣ. ಸುದ್ದಿ ಅಷ್ಟು ಬೇಗ ಮುಟ್ಟಿತ್ತು.

"ಏನ್ ನಡೀತಿದೆ ಅಲ್ಲಿ? ಅವಳು ಏನೋ ವಯಸ್ಸು ಗಿಯಸ್ಸು ಅಂದ್ಲಂತೆ? ನೀನೇನ್ ಮಾಡ್ತಿದ್ದೆ? ನಿನ್ನ ಯಾಕೆ ಕೂರಿಸಿರೋದು ಅಲ್ಲಿ? ಸರಿಯಾಗಿ ಹೇಳು, ಯಾರು ಏನಂದ್ರು?"

ಅಣ್ಣನಿಗೆ ಹೇಳುವ ಮುಂಚೆ ನಾನು ಪ್ರತಿ ಮಾತನ್ನೂ ತೂಗುತ್ತೇನೆ, ಯಾವುದನ್ನು ಬಿಡಬೇಕು, ಯಾವುದನ್ನು ಮೆದು ಮಾಡಬೇಕು ಎಂದು. ಆ ದಿನ ತೂಗಲಿಲ್ಲ. ಹೆಂಗಸರು ದಾರಿ ಬಿಟ್ಟರು. ನಾನು ಹೋಗಿ ಫೋನನ್ನು ಆ ಹುಡುಗಿಯ ಬಾಯಿಯ ಹತ್ತಿರ ಹಿಡಿದೆ.

"ಇನ್ನೊಂದ್ಸಲ ಹೇಳಮ್ಮ," ಎಂದೆ. "ಜೋರಾಗಿ."

ಅವಳು ತಾಯಿಯ ಮುಖ ನೋಡಿದಳು. ಅಕ್ಕನ ಮುಖ ನೋಡಿದಳು. ಹೇಳಿದಳು.

ಹದಿನಾಲ್ಕನ್ನು ಹದಿನೆಂಟು ಮಾಡಿದ್ದ ಅಣ್ಣ ಆ ಕಡೆ ಲೈನಿನಲ್ಲೇ ಇದ್ದ. ನಾನು ಫೋನನ್ನು ಹಾಗೇ ಹಿಡಿದುಕೊಂಡೇ ಇದ್ದೆ.