ಚಾಂದನಿ ನಿಂತಲ್ಲಿ

ಕುದುರೆಯ ಬಾಲವನ್ನು ಎತ್ತಿ ಹಿಡಿದು ವಿಶಾಖಾ ಮುಖ ತಿರುಗಿಸಿಕೊಂಡಳು. ಅಂಗಳದ ಆಚೆ ಬದಿಯಲ್ಲಿ ಅಪ್ಪ ಕಾಶೀರಾಮ ಬಿಳಿ ಬಟ್ಟೆ ಹೊದ್ದು ಮಲಗಿದ್ದ. ಬೆಳಗಿನ ಜಾವ ನಿದ್ದೆಯಲ್ಲೇ ಹೋಗಿಬಿಟ್ಟಿದ್ದ. ಈಚೆ ಬದಿಯಲ್ಲಿ ಪಶುವೈದ್ಯೆ ಪ್ರಮಿಲಾ ಆ ಕುದುರೆ ಚಾಂದನಿಯ ಗರ್ಭಕೋಶಕ್ಕೆ ಕೊಳವೆಯಲ್ಲಿ ಸಲೈನ್ ಬಿಟ್ಟು ತೊಳೆಯುತ್ತಿದ್ದರು. ಹೊರಬಂದ ನೀರು ಗಂಜಿಯಂತೆ ಕದಡಿತ್ತು.

"ಸತ್ತ ಮನ್ಯಾಗ ಇದು ಬೇಕಿತ್ತೇನ್ರಿ?" ಚಿಕ್ಕಪ್ಪ ಸುಶೀಲಕುಮಾರ ಸಿಡುಕಿದ.

"ನಿನ್ನಿ ಸಂಜೀಕ ಭಾತಂಬ್ರಾದಾಗ ಗಂಡು ಕುದುರಿ ಕೂಡಿಸ್ಕೊಂಡು ಬಂದಾರ್ರಿ. ಇವತ್ತ ತೊಳೀಲಿಲ್ಲಂದ್ರ ಒಳಗ ಬಾವು ಬಂದು ಈ ಸಲಾನೂ ಗರ್ಭ ನಿಲ್ಲಂಗಿಲ್ಲ. ಬರ್ರಿ ಅಂತ ರಾತ್ರಿ ಕಾಶೀರಾಮ ಅವರೇ ಫೋನ್ ಮಾಡಿದ್ರು," ಎಂದರು ಪ್ರಮಿಲಾ.

*

ಬೀದರ, ಭಾಲ್ಕಿ, ಔರಾದ, ಎಲ್ಲೆಲ್ಲೋ ಮದುವೆ ಮೆರವಣಿಗೆಗಳಲ್ಲಿ ವರ ಕೂತ ಕುದುರೆಯ ಲಗಾಮು ಹಿಡಿದು ನಡೆದವನು ಕಾಶೀರಾಮ. ಜನರ ಮದುವೆ ಫೋಟೊಗಳಲ್ಲಿ ಅವನ ಕೈ ಮಾತ್ರ ಬರುತ್ತಿತ್ತು. ವಯಸ್ಸಾದ ಚಾಂದನಿಯಿಂದ ಒಂದು ಮರಿ ಪಡೆದು ಮಗಳ ಕೈಗೆ ಕೊಡಬೇಕೆಂಬುದೊಂದೇ ಅವನ ಆಸೆ.

ಈ ಮೊದಲು ಎರಡು ಸಲ ಗಂಡು ಕೂಡಿಸಿ ತಂದಾಗಲೂ ಅವನು ಚಾಂದನಿಯ ಹಿಂಗಾಲಿನಡಿ ಹಾಸುಗಲ್ಲು ಕೊಟ್ಟು ಹಿಂಭಾಗ ಎತ್ತರ ಮಾಡಿ, ಅಲುಗದಂತೆ ಕಟ್ಟಿ, ಮುಂದೆ ಕೂತು ಕಾದಿದ್ದ. ಬೀಜದ ಒಂದು ಹನಿಯೂ ಹೊರಗೆ ಬೀಳಬಾರದು! ಎರಡು ಸಲವೂ ಮರಿಯಾಗಲಿಲ್ಲ.

"ನೀವು ಕಾಯ್ದದ್ದು ಹೊಲಸು ನೀರ್ರಿ," ಎಂದಿದ್ದರು ಪ್ರಮಿಲಾ. "ಬೀಜ ಸೇರೋ ಕಡೆ ಸೇರಿರ್ತದ. ಉಳಿದದ್ದು ಹೊರಗ ಬರಬೇಕು. ಈ ವಯಸ್ಸಿನಾಗ ಅದಕ್ಕ ತಾನೇ ಹೊರಗ ಹಾಕಲಿಕ್ಕ ಆಗಂಗಿಲ್ಲ. ತೊಳೀಬೇಕು, ನಡಸಬೇಕು."

ಕಾಶೀರಾಮ ಚಾಂದನಿಯ ಹಣೆ ಸವರಿ ಪೆಚ್ಚಾಗಿ ನಕ್ಕಿದ್ದ. "ಎಲ್ಲಾರ ಮದಿವ್ಯಾಗ ನಡಸೀನಿ. ನಡಸೋ ಹೊತ್ತಿನಾಗ ನಾನೇ ಕಟ್ಟಿ ಹಾಕೀನಿ ನೋಡ್ರಿ."

*

ನೀರು ತಿಳಿಯಾಯಿತು. ಪ್ರಮಿಲಾ ಇಂಜೆಕ್ಷನ್ ಕೊಟ್ಟು ಕೈ ತೊಳೆದರು. "ಈಗ ನಡಸ್ರಿ."

"ಅಪ್ಪನ ಜೋಡಿ ಕರಕೊಂಡು ಬರ್ತೇನಿ," ಎಂದಳು ವಿಶಾಖಾ.

"ಹೆಣದ ಹಿಂದ ಬಂದ ಕುದುರಿ ಮ್ಯಾಲ ನಾಳಿ ಯಾವ ವರ ಕೂಡ್ತಾನ? ಏನು ಉಣ್ತೀರಿ?" ಚಿಕ್ಕಪ್ಪ ಅಡ್ಡ ನಿಂತ. ಅವನ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ವಿಶಾಖಾಳ ಕೈ ಲಗಾಮಿನ ಮೇಲೆ ಹಾಗೇ ನಿಂತಿತು.

ಹೆಣದ ಬಳಿಯಿಂದ ತಾಯಿ ಕೇಶರಬಾಯಿ ಎದ್ದು ಬಂದಳು. "ಯಾರೂ ಕೂಡದಿದ್ರ ಬಿಡ್ಲಿ. ಮರಿ ಬಂದ್ರ ಅದರ ಮ್ಯಾಲ ಕೂಡ್ತಾರ. ನಡಸವ್ವ."

ನೌಬಾದದ ರಸ್ತೆಯಲ್ಲಿ ಬಿಸಿಲು ಬೆಳ್ಳಗೆ ಹರಡಿತ್ತು. ಬಿಳಿ ಬಟ್ಟೆಯ ಜನ, ಬಿಳಿ ಕುದುರೆ. ಸದ್ದು ತೆಗೆದಿಟ್ಟ ಮೆರವಣಿಗೆ. ಬ್ಯಾಂಡಿಲ್ಲದಿದ್ದರೂ ಚಾಂದನಿ ಅಭ್ಯಾಸಬಲದಿಂದ ಹೆಜ್ಜೆ ಎತ್ತಿ ಎತ್ತಿ ಇಡುತ್ತಿತ್ತು. ಅದನ್ನು ನೋಡಿ ವಿಶಾಖಾಳಿಗೆ ಬೆಳಗಿನಿಂದ ಬಾರದ ಅಳು ಒಮ್ಮೆಲೇ ಬಂತು.

ಸ್ಮಶಾನದ ಕಮಾನಿನ ಕೆಳಗೆ ಚಾಂದನಿ ನಿಂತುಬಿಟ್ಟಿತು. ಮದುವೆ ಮಂಟಪದ ಕಮಾನು ಕಂಡರೆ ಹೀಗೇ, ವರ ಇಳಿಯುವವರೆಗೂ ಕದಲುತ್ತಿರಲಿಲ್ಲ. ವಿಶಾಖಾ ಎಳೆದಳು. ಅಲುಗಲಿಲ್ಲ. ಮುಂದೆ ಹೆಣ ಹೊತ್ತವರೂ ತಿರುಗಿ ನೋಡಿ ನಿಂತರು.

ಅವರು ಚಟ್ಟವನ್ನು ಹೆಗಲಿನಿಂದ ಮೆಲ್ಲಗೆ ನೆಲಕ್ಕಿಳಿಸಿದರು.

ಚಾಂದನಿ ಕತ್ತು ಕೊಡವಿ ಒಂದು ಹೆಜ್ಜೆ ಮುಂದಿಟ್ಟಿತು.